ಎರಡು ದಿನಕ್ಕೊಮ್ಮೆ ಉಣ್ಣುವ ಗೋಸುಂಬೆ

ನಮ್ಮ ಅಜ್ಜಿಯ ಅಜ್ಜಿ ಹುಟ್ಟುವುದಕ್ಕೂ ಎಷ್ಟೋ ಕಾಲದ ಹಿಂದೆ, ಏಳು ಬೆಟ್ಟಗಳ ಆಚೆ, ಓಕುಳಿಪುರ ಅಂತ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಬಣ್ಣಗಳು ಬರುತ್ತಿದ್ದದ್ದು ಒಂದು ಗೋಸುಂಬೆಯಿಂದ. ಅರಮನೆಯ ಹಿತ್ತಿಲಲ್ಲಿ ಒಂದು ದಾಸವಾಳದ ಗಿಡ. ಆ ಗಿಡದ ಮೇಲೆ ಆ ಗೋಸುಂಬೆ. ಬೆಳಗಾದ ಮೇಲೆ ಬಿಸಿಲಿಗೆ ಮೈ ಕಾಯಿಸಿಕೊಂಡು ಅದು ಹಸಿರಾದರೆ ಗದ್ದೆಗಳೆಲ್ಲ ಹಸಿರಾಗುತ್ತಿದ್ದವು. ಹಳದಿಯಾದರೆ ಅರಿಸಿನಕ್ಕೆ ಹಳದಿ ಬರುತ್ತಿತ್ತು. ಕೆಂಪಾದರೆ ಕುಂಕುಮ, ಮೆಣಸಿನಕಾಯಿ, ಹುಂಜದ ಜುಟ್ಟು, ಎಲ್ಲಕ್ಕೂ ಕೆಂಪು ಹತ್ತುತ್ತಿತ್ತು. ಯಾಕೆ ಹೀಗೆ ಎಂದು ಕೇಳಬೇಡಿ. ಅಲ್ಲಿ ಹಾಗೇ ಇತ್ತು.

ಗೋಸುಂಬೆ ಎಂದ ಕೂಡಲೆ ನಿಮ್ಮಲ್ಲಿ ನಾಲ್ಕು ಜನ ನಕ್ಕಿದ್ದು ನನಗೆ ಗೊತ್ತಾಯಿತು. ಮಾತು ಬದಲಿಸುವ ಮನುಷ್ಯನಿಗೆ ಆ ಹೆಸರಿಟ್ಟು ಬೈದು ಬೈದು ನಿಮಗೆ ರೂಢಿಯಾಗಿದೆ. ಆ ಪ್ರಾಣಿ ಯಾರಿಗೆ ಮಾತು ಕೊಟ್ಟಿತ್ತು, ಯಾರಿಗೆ ತಪ್ಪಿತ್ತು? ತನ್ನ ಪಾಡಿಗೆ ಕೊಂಬೆಯ ಮೇಲೆ ಕೂತಿರುತ್ತದೆ, ಒಂದು ಹೆಜ್ಜೆ ಇಡಲು ಹತ್ತು ಸಲ ಯೋಚಿಸುತ್ತದೆ. ಓಕುಳಿಪುರದ ಗೋಸುಂಬೆಗಂತೂ ಅದಕ್ಕೇ ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಅದನ್ನು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ನಾನು ಹೇಳಹೊರಟ ಸಿಟ್ಟು ಇದಲ್ಲ, ಇದಕ್ಕಿಂತ ದೊಡ್ಡದು.

ಓಕುಳಿಪುರದವರಿಗೆ ಒಂದು ಪದ್ಧತಿಯಿತ್ತು. ಮನೆಗೆ ಬಂದವರು ಉಂಡು ಸಾಕು ಎಂದರೆ ಮತ್ತೆ ಮೂರು ಸಲ ಬಡಿಸಲೇಬೇಕು. ಆಮೇಲೂ ಸಾಕು ಎಂದರೆ ಅದು ಸಂಕೋಚ ಎಂದು ತಿಳಿದು ಮತ್ತೆ ಮೂರು ಸಲ. ಉಣ್ಣುವವರು ಎಲೆಯ ಮೇಲೆ ಬಗ್ಗಿ, ಎರಡೂ ಕೈ ಅಡ್ಡ ಹಿಡಿದು ಬೇಡಿಕೊಂಡರೆ, ಕೈಬೆರಳಿನ ಸಂದಿಯಲ್ಲಿ ಪಾಯಸ ಸುರಿಯುತ್ತಿದ್ದರು. ಸಾಕು ಎಂಬ ಮಾತನ್ನು ಆ ರಾಜ್ಯದಲ್ಲಿ ಎಲ್ಲರೂ ಆಡುತ್ತಿದ್ದರು, ಒಬ್ಬರೂ ಕೇಳುತ್ತಿರಲಿಲ್ಲ. ಇದನ್ನು ಅವರು ಪ್ರೀತಿ ಎಂದು ಕರೆಯುತ್ತಿದ್ದರು. ಅಲ್ಲಿನ ಅರಸ ಉದಾರಸೇನ ಒಳ್ಳೆಯವನೇ, ಆದರೆ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದು. ಅವನ ಮನೆಯಲ್ಲಿ ಉಂಡವರನ್ನು ನಾಲ್ಕು ಜನ ಎತ್ತಿಕೊಂಡು ಹೋಗಬೇಕಾಗುತ್ತಿತ್ತು.

ನಿಧಾನಪ್ಪ ಮಾತ್ರ ಈ ಪ್ರೀತಿಯಿಂದ ಪಾರಾಗಿದ್ದ. ಏಕೆಂದರೆ ಅವನನ್ನು ಸಾಕಿದವಳು ಕೆಂಪಿ.

ಕೆಂಪಿ ಬಟ್ಟೆಗೆ ಬಣ್ಣ ಹಾಕುವವರ ಮನೆಯ ಹುಡುಗಿ. ಅವಳ ಅವ್ವ ಬಣ್ಣದ ಬಾನಿಯ ಮುಂದೆ ಅವಳನ್ನು ಕೂರಿಸಿಕೊಂಡು, ಬಟ್ಟೆ ತನಗೆ ಬೇಕಾದಷ್ಟೇ ಬಣ್ಣ ಕುಡಿಯುತ್ತದೆ, ಮಿಕ್ಕದ್ದು ನೀರಿನಲ್ಲೇ ಉಳಿಯುತ್ತದೆ, ಹೆಚ್ಚು ಹೊತ್ತು ಅದ್ದಿಟ್ಟರೆ ನೂಲು ಕೊಳೆಯುತ್ತದೆ ಎಂದು ಕಲಿಸಿದ್ದಳು. ಅವ್ವ ತೀರಿಕೊಂಡ ವರ್ಷ ಕೆಂಪಿಗೆ ದಾಸವಾಳದ ಬುಡದಲ್ಲಿ ಹಿಂದಿನ ಗೋಸುಂಬೆ ಬಿಟ್ಟುಹೋದ ಬೆರಳುದ್ದದ ಮರಿ ಸಿಕ್ಕಿತು. ಅದಕ್ಕೂ ಅವಳು ಅದೇ ಪಾಠ ನಡೆಸಿದಳು. ಮರಿಯಾಗಿದ್ದಾಗ ದಿನಕ್ಕೆರಡು ಸಲ ಸಣ್ಣ ಸಣ್ಣ ಹುಳು. ಬೆಳೆಯುತ್ತ ಬಂದ ಹಾಗೆ ದಿನಕ್ಕೊಂದು ಸಲ. ವರ್ಷ ತುಂಬಿ ಮೈ ಬಲಿತ ಮೇಲೆ ಎರಡು ದಿನಕ್ಕೊಮ್ಮೆ ಐದಾರು ಮಿಡತೆ. ಮಿಡತೆಯನ್ನು ಕೊಂಬೆಯ ಮೇಲೆ ಬಿಟ್ಟು ಅವಳು ದೂರ ನಿಲ್ಲುತ್ತಿದ್ದಳು. ಅವನಿಗೆ ಹಸಿವಿದ್ದರೆ ನಾಲಿಗೆ ಚಾಚಿ ಹಿಡಿಯುತ್ತಿದ್ದ, ಇಲ್ಲದಿದ್ದರೆ ಮಿಡತೆ ಹಾರಿ ಹೋಗುತ್ತಿತ್ತು. ಅವನು ಬಟ್ಟಲಿನ ನೀರನ್ನು ಮೂಸಿಯೂ ನೋಡುತ್ತಿರಲಿಲ್ಲ. ಅದಕ್ಕೆ ದಿನಾ ಬೆಳಗ್ಗೆ ಅವಳು ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದಳು, ಅವನು ಹನಿಹನಿಯಾಗಿ ನೆಕ್ಕುತ್ತಿದ್ದ. ಹೀಗೆ ಐದು ವರ್ಷ ರಾಜ್ಯದಲ್ಲಿ ಬಣ್ಣಕ್ಕೆ ಕೊರತೆಯಾಗಲಿಲ್ಲ.

ಹೀಗಿರುವಾಗ ಒಂದು ದಿನ ಕಣಜಯ್ಯ ಎಂಬ ಮಾಯಾವಿ ವೈದ್ಯನ ವೇಷದಲ್ಲಿ ಬಂದ. ಅವನ ಸೊಂಟದ ಸುತ್ತ ಏಳು ಸೋರೆಬುರುಡೆಗಳು ತೂಗಾಡುತ್ತಿದ್ದವು. ಅವನು ನಿಧಾನಪ್ಪನನ್ನು ಮೂರು ಸುತ್ತು ಸುತ್ತಿ ನೋಡಿದ, ಕಣ್ಣಲ್ಲಿ ನೀರು ತಂದುಕೊಂಡ. ನಿಮಗೆ ದಿನಕ್ಕೆ ನಾಲ್ಕು ಊಟ, ನಿಮಗೆಲ್ಲ ಬಣ್ಣ ಕೊಡುವ ಈ ಬಡಪಾಯಿಗೆ ಎರಡು ದಿನಕ್ಕೆ ಒಂದು ಊಟವೇ ಎಂದು ಅರಸನನ್ನು ಕೇಳಿದ.

ಉದಾರಸೇನನಿಗೆ ತಲೆ ಎತ್ತದಷ್ಟು ನಾಚಿಕೆಯಾಯಿತು. ಕೆಂಪಿಯನ್ನು ಕರೆಸಿದರು. ಅವನ ಹೊಟ್ಟೆಗೆ ಅಷ್ಟೇ ಬೇಕು, ಹೆಚ್ಚು ಹಾಕಿದರೆ ಸಾಯುತ್ತಾನೆ ಎಂದು ಅವಳು ಹೇಳಿದಳು. ಆಸ್ಥಾನದವರು ಅವಳನ್ನು ಬಾಯಿಗೆ ಬಂದ ಹಾಗೆ ಅಂದರು. ಒಬ್ಬ ಜಿಪುಣಿ ಎಂದ. ಇನ್ನೊಬ್ಬ, ತಾಯಿಯಿಲ್ಲದೆ ಬೆಳೆದವಳಿಗೆ ಉಣಿಸುವುದು ಹೇಗೆ ಗೊತ್ತಿರುತ್ತದೆ ಎಂದ. ಐದು ವರ್ಷ ಆ ಪ್ರಾಣಿಯ ಕಡೆ ತಿರುಗಿಯೂ ನೋಡದವರು ಅಂದು ಅದರ ತಾಯಿತಂದೆಯರಾಗಿಬಿಟ್ಟರು! ಕೆಂಪಿಯನ್ನು ಹಿತ್ತಿಲಿನಿಂದ ಹೊರಗೆ ಹಾಕಿದರು, ಕಣಜಯ್ಯನ ಕೈಗೆ ಬೆಳ್ಳಿಯ ಚಿಮಟ ಕೊಟ್ಟರು.

ಅಂದಿನಿಂದ ಗಳಿಗೆಗೊಂದು ಮಿಡತೆ. ಹೊತ್ತು ಅಳೆಯಲು ನೀರಿನಲ್ಲಿ ತೇಲಬಿಟ್ಟ ಗಳಿಗೆ ಬಟ್ಟಲು ಮುಳುಗಿದ ಹಾಗೆಲ್ಲ ಕೊಂಬು ಊದುತ್ತಿದ್ದರು, ಚಿಮಟದಲ್ಲಿ ಮಿಡತೆ ಹಿಡಿದು ತರುತ್ತಿದ್ದರು. ಮೊದಲ ದಿನ ನಿಧಾನಪ್ಪ ತಿಂದ. ಎರಡನೆಯ ದಿನ ಮುಖ ತಿರುಗಿಸಿದ. ಸಂಕೋಚ ಎಂದರು, ಮೂರು ಸಲ ಹಾಕಿದರು. ಮೂರನೆಯ ದಿನ ಕಣ್ಣು ಮುಚ್ಚಿಕೊಂಡ. ನಾಚಿಕೆ ಎಂದರು, ಬಾಯಿ ಬಿಡಿಸಿ ತುರುಕಿದರು. ಅವನು ಬೇಡ ಎನ್ನುತ್ತಿದ್ದಾನೆ ಎಂದು ಅಷ್ಟು ದೊಡ್ಡ ಅರಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಕಣಜಯ್ಯನಿಗೆ ಬೇಕಾದದ್ದೇ ಅದು. ಹೊಟ್ಟೆ ಬಿರಿಯುವಷ್ಟು ತಿಂದ ಗೋಸುಂಬೆಗೆ ಬಣ್ಣ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ನಿಧಾನಪ್ಪನ ಮೈಯಿಂದ ಬಣ್ಣ ತೊಟ್ಟಿಕ್ಕುತ್ತಿತ್ತು, ಮಾಯಾವಿ ಅದನ್ನು ಬುರುಡೆಗಳಿಗೆ ಹಿಡಿದುಕೊಳ್ಳುತ್ತಿದ್ದ. ಒಂದೊಂದು ಬುರುಡೆ ತುಂಬಿದಾಗಲೂ ರಾಜ್ಯದಲ್ಲಿ ಒಂದೊಂದು ಬಣ್ಣ ಹೋಯಿತು. ಮೊದಲು ಹಳದಿ ಹೋಯಿತು, ಅರಿಸಿನ ಬೂದಿಯ ಹಾಗಾಯಿತು. ಆಮೇಲೆ ನೀಲಿ ಹೋಯಿತು, ನವಿಲುಗಳು ನಾಚಿ ಪೊದೆ ಸೇರಿದವು. ಕೆಂಪು ಹೋದ ದಿನ ಮದುಮಗಳೊಬ್ಬಳು ಹಣೆಗೆ ಇಟ್ಟ ಕುಂಕುಮ ಮಸಿಯಂತೆ ಕಂಡು, ಹಸೆಮಣೆಯ ಮೇಲೆ ಕೂತೇ ಅತ್ತಳು. ಜನ ಏನು ಮಾಡಿದರು ಗೊತ್ತೆ? ಪಾಪ, ನಿಧಾನಪ್ಪ ಸೊರಗಿದ್ದಾನೆ, ಇನ್ನೂ ಹಾಕಿ ಎಂದು ಮೊರ ಮೊರ ಮಿಡತೆ ಹೊತ್ತು ತಂದರು.

ಆರು ಬುರುಡೆ ತುಂಬಿದವು. ಏಳನೆಯದು ಹಸಿರಿನದು.

ಆ ದಿನ ಕೆಂಪಿ ಬೇಲಿ ಹಾರಿ ಹಿತ್ತಿಲಿಗೆ ಬಂದಳು. ನಿಧಾನಪ್ಪನ ಹೊಟ್ಟೆ ಊದಿತ್ತು, ಕಣ್ಣು ಗುಳಿ ಬಿದ್ದಿತ್ತು. ಎಲೆಗೆ ನೀರು ಚಿಮುಕಿಸುವವರೇ ಇರಲಿಲ್ಲವಲ್ಲ. ಕೊಂಬೆಯನ್ನು ಹಿಡಿದ ಕಾಲುಗಳು ಜಾರುತ್ತಿದ್ದವು. ಮೈಯಲ್ಲಿ ಬಾಲದ ತುದಿಯಷ್ಟೇ ಹಸಿರಿತ್ತು. ಕೆಂಪಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ಅವಳು ನೇರ ಅರಸನ ಮುಂದೆ ಹೋಗಿ ನಿಂತಳು.

"ಮಹಾಸ್ವಾಮಿ, ನೀವು ಅವನಿಗೆ ಉಣಿಸ್ತಾ ಇಲ್ಲ, ಅವನನ್ನ ಕೊಲ್ತಾ ಇದೀರಿ" ಎಂದಳು.

ಅರಸ ಮಾಯಾವಿಯ ಮುಖ ನೋಡಿದ. ಕಣಜಯ್ಯ ನಯವಾಗಿ ನಕ್ಕ. ಬೋಳುಗುಡ್ಡದ ಮೇಲೆ ತನ್ನ ಮಠವಿದೆ, ಅಲ್ಲಿ ಮೂರು ಬಾಗಿಲು, ಮೂರು ಪಂಕ್ತಿ, ಮೂರರಲ್ಲೂ ಕೂತು ಉಂಡು ತನ್ನ ಕಾಲ ಮೇಲೆ ನಡೆದು ಬಂದವರಿಗೆ ಮಾತ್ರ ಊಟದ ವಿಷಯ ಮಾತಾಡುವ ಹಕ್ಕು ಎಂದ. ನಾಳೆ ಹೊತ್ತು ಮುಳುಗುವುದರೊಳಗೆ ಕೆಂಪಿ ನಡೆದು ಬಂದರೆ ಗೋಸುಂಬೆ ಅವಳದು, ಇಲ್ಲವಾದರೆ ತನ್ನದು. ಆ ಮಠಕ್ಕೆ ಹೋದವರು ಯಾರೂ ತಿರುಗಿ ಬಂದಿರಲಿಲ್ಲ. ಎಲೆಯಿಂದ ಏಳಲು ಓಕುಳಿಪುರದಲ್ಲಿ ಹುಟ್ಟಿದವರಿಗೆ ಬರುವುದಿಲ್ಲ ಎಂಬುದು ಅವನ ಲೆಕ್ಕ.

ಮರುದಿನ ಬೆಳಗ್ಗೆ ಕೆಂಪಿ ಗುಡ್ಡ ಹತ್ತಿದಳು. ಮೊದಲನೆಯ ಬಾಗಿಲಲ್ಲಿ ಒಂದು ಕರಡಿ ನಿಂತಿತ್ತು. ಅದು ಎಲೆ ಹಾಕಿ, ಹೋಳಿಗೆ ಬಡಿಸಿ, ಮೇಲೆ ಜೇನು ಸುರಿಯಿತು. ಪಂಕ್ತಿಯ ಉದ್ದಕ್ಕೂ ಎಲೆಗಳ ಮುಂದೆ ಒಂದೊಂದು ಒರಳುಕಲ್ಲು ಕೂತಿತ್ತು. ಹಿಂದೆ ಬಂದು, ಉಂಡು, ಉಣ್ಣುತ್ತಲೇ ಕಲ್ಲಾದವರು ಅವರು. ಕೆಂಪಿ ಎರಡು ಹೋಳಿಗೆ ತಿಂದು ಸಾಕು ಎಂದಳು. ಕರಡಿ ಮೂರನೆಯದು ಹಾಕಲು ಬಂತು. ಅವಳು ಎಲೆಯ ಮೇಲೆ ಅಂಗೈ ಇಟ್ಟಳು. ಕರಡಿ ಹಲ್ಲು ಕಿರಿದು, ಉಣ್ಣದಿದ್ದರೆ ನಿನ್ನನ್ನೇ ಉಣ್ಣುತ್ತೇನೆ ಎಂದು ಗದರಿತು.

"ಬೆದರಿಸಿದರೆ ಹಸಿವಾಗ್ತದಾ?" ಎಂದು ಕೆಂಪಿ ಕೇಳಿದಳು.

ಕರಡಿ ಹೋಳಿಗೆಯನ್ನು ಹಿಂದೆ ತೆಗೆದುಕೊಂಡಿತು. ಅವಳು ಎಲೆ ಮಡಚಿ ಎದ್ದಳು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವಿತ್ತು. ಅದು ಗದರಲಿಲ್ಲ. ಏಳು ಬಾಯಿಂದಲೂ ಉಪಚಾರ ಮಾಡಿತು. ಕೆಂಪಿ ಒಂದು ಲೋಟ ಕೇಸರಿ ಹಾಲು ಕುಡಿದು ಸಾಕು ಎಂದಳು. ಹಾವಿನ ಒಂದು ಹೆಡೆ, ನನ್ನ ಕೈಯಡುಗೆ ಸೇರಲಿಲ್ಲವೇ ಎಂದು ಮುಖ ಸಣ್ಣದು ಮಾಡಿತು. ಇನ್ನೊಂದು, ನಮ್ಮ ಮೇಲೆ ಆಣೆ, ಒಂದೇ ಲೋಟ ಎಂದಿತು. ಮತ್ತೊಂದು, ನಾವು ನಿನಗೆ ಬೇರೆಯವರೇ ಎಂದು ಅತ್ತೇಬಿಟ್ಟಿತು. ಇಂಥ ಮಾತು ಕೇಳಿ ಹೊಟ್ಟೆ ಕೆಡಿಸಿಕೊಂಡವರು ನಿಮ್ಮಲ್ಲೂ ಇದ್ದೀರಿ, ನಾನೂ ಇದ್ದೇನೆ. ಅಲ್ಲಿಯ ಒರಳುಕಲ್ಲುಗಳು ಮೊದಲ ಪಂಕ್ತಿಗಿಂತ ಎರಡು ಪಟ್ಟು.

"ಹಾಲು ಚೆನ್ನಾಗಿತ್ತು, ಹೊಟ್ಟೆ ತುಂಬಿದೆ. ಎರಡೂ ನಿಜ" ಎಂದಳು ಕೆಂಪಿ. ಲೋಟ ಬೋರಲು ಹಾಕಿ ಎದ್ದಳು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲಲ್ಲಿ ಅವಳ ಅವ್ವ ನಿಂತಿದ್ದಳು.

ಅದೇ ಸೀರೆ, ಬೆರಳ ಸಂದಿಯಲ್ಲಿ ಅದೇ ನೀಲಿ ಕಲೆ. ಅವ್ವ ಎಲೆ ಹಾಕಿ ರಾಗಿಮುದ್ದೆ ಇಟ್ಟು ಉಪ್ಪುಸಾರು ಬಿಟ್ಟಳು. ಐದು ವರ್ಷದಿಂದ ತಿನ್ನದ ರುಚಿ. ಕೆಂಪಿ ತಿನ್ನುತ್ತ ಅತ್ತಳು, ಅಳುತ್ತ ತಿಂದಳು. ಮುದ್ದೆ ಮುಗಿಯಿತು, ಅವ್ವ ಇನ್ನೊಂದು ಇಟ್ಟಳು. ಕೆಂಪಿ ಅರ್ಧ ತಿಂದಳು, ಹೊಟ್ಟೆ ತುಂಬಿತು. ಆದರೆ ಸಾಕು ಎನ್ನಲು ಬಾಯಿ ಬರಲಿಲ್ಲ. ಸಾಕು ಎಂದರೆ ಅವ್ವ ಹೋಗಿಬಿಡುತ್ತಾಳೆ. ಇನ್ನೊಂದು ತುತ್ತು ಮುರಿದಳು. ಅವಳ ಕಾಲಿನ ಹೆಬ್ಬೆರಳು ಆಗಲೇ ಕಲ್ಲಾಗಿ ತಣ್ಣಗಾಗಿತ್ತು.

ಆಗ ಅವಳಿಗೆ ಬಣ್ಣದ ಬಾನಿ ನೆನಪಾಯಿತು. ಹೆಚ್ಚು ಹೊತ್ತು ಅದ್ದಬೇಡ ಎಂದು ಕೈ ಹಿಡಿದು ನೂಲು ಮೇಲೆತ್ತಿಸಿದ್ದು ಇದೇ ಕೈ.

"ನಮ್ಮವ್ವ ನಾನು ಸಾಕು ಅಂದಾಗ ಒಂದು ದಿನಾನೂ ಬಲವಂತ ಮಾಡಿದವಳಲ್ಲ" ಎಂದಳು ಕೆಂಪಿ. "ಸಾಕು." ತುತ್ತನ್ನು ಎಲೆಯಲ್ಲಿ ಬಿಟ್ಟು ಎದ್ದಳು.

ಅವ್ವನ ರೂಪ ಕರಗಿತು. ಅಲ್ಲಿ ನಿಂತದ್ದು ಒಬ್ಬಳು ಮುದುಕಿ, ಕೈಯಲ್ಲಿ ಮರದ ಸೌಟು. ಅವಳು ಮಾಯಾವಿಯ ಸೆರೆಯಲ್ಲಿದ್ದ ಅಡುಗೆಯವಳು. ಹನ್ನೆರಡು ವರ್ಷದಿಂದ ಬಡಿಸುತ್ತಲೇ ಇದ್ದೇನೆ, ನನ್ನ ಕೈಗೆ ಬಿಡುವು ಕೊಟ್ಟವಳು ನೀನೊಬ್ಬಳೇ ಎಂದು ಅವಳು ಕೆಂಪಿಯ ತಲೆ ನೇವರಿಸಿದಳು. ಆಮೇಲೆ ಸೌಟನ್ನು ಅವಳ ಕೈಗಿಟ್ಟು, ಇದರಿಂದ ಎಷ್ಟು ಬಡಿಸಿದರೂ ಮುಗಿಯುವುದಿಲ್ಲ ಎಂದಳು. ಇನ್ನೊಂದು ಗುಟ್ಟನ್ನೂ ಹೇಳಿದಳು.

"ಸಾಕು ಅಂದವರ ಮಾತನ್ನ ಓಕುಳಿಪುರದಲ್ಲಿ ಯಾರೂ ಕೇಳಲ್ಲ. ಅದರ ಮೇಲೇ ಅವನ ಮಾಯೆ ನಿಂತಿದೆ ಮಗಳೇ. ನಿಮ್ಮರಸನ ಪಂಕ್ತಿಯಲ್ಲಿ ಒಂದೇ ಒಂದು ಸಲ ಆ ಮಾತಿಗೆ ಬಡಿಸೋ ಕೈ ನಿಂತರೆ ಸಾಕು, ಬುರುಡೆ ಒಡೀತವೆ."

ಹೊತ್ತು ಮುಳುಗಲು ಇನ್ನೂ ಎರಡು ಮಾರು ಇರುವಾಗ ಕೆಂಪಿ ಕುಂಟುತ್ತ ಅರಮನೆಗೆ ಬಂದಳು, ಆದರೆ ತನ್ನ ಕಾಲ ಮೇಲೆ ಬಂದಳು. ಕಣಜಯ್ಯನ ಮುಖ ಕಪ್ಪಿಟ್ಟಿತು. ಹೊತ್ತು ಮುಳುಗುವ ತನಕ ಗೋಸುಂಬೆ ತನ್ನ ವಶದಲ್ಲೇ ಇರಬೇಕು ಎಂದು ಹಟ ಹಿಡಿದ. ಕೆಂಪಿ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಇವರ ಮಠದಲ್ಲಿ ಮೂರು ಊಟ ಉಂಡೆ, ನಮ್ಮ ಪದ್ಧತಿಯಂತೆ ಇವರಿಗೂ ಒಂದು ಊಟ ಹಾಕಲು ಅಪ್ಪಣೆಯಾಗಬೇಕು ಎಂದು ಅರಸನನ್ನು ಕೇಳಿದಳು. ಊಟ ಎಂದರೆ ಉದಾರಸೇನ ಬೇಡ ಎನ್ನುವವನೇ? ಕೂಡಲೆ ಹಿತ್ತಿಲಲ್ಲೇ, ದಾಸವಾಳದ ಗಿಡದ ಎದುರಿಗೆ ಎಲೆ ಹಾಕಿಸಿದ. ಅಷ್ಟು ಜನರ ಮುಂದೆ ಊಟ ಒಲ್ಲೆ ಎನ್ನಲು ಕಣಜಯ್ಯನಿಗೂ ಬಾಯಿ ಬರಲಿಲ್ಲ. ಹೆಚ್ಚು ಉಣ್ಣುವುದೇ ಒಳ್ಳೆಯದು ಎಂದು ರಾಜ್ಯಕ್ಕೆಲ್ಲ ಹೇಳಿಕೊಟ್ಟವನು ಅವನೇ ತಾನೆ.

ಕೆಂಪಿ ಸೌಟು ಹಿಡಿದು ಬಡಿಸಿದಳು. ಒಂದು ಸೌಟು ಅನ್ನ, ಉಂಡ. ಹತ್ತು ಸೌಟು ಅನ್ನ, ಉಂಡ. ಮೂವತ್ತಾದ ಮೇಲೆ ಅವನ ಸೊಂಟದ ಬುರುಡೆಗಳು ಬೆವರತೊಡಗಿದವು. ಅವನು ಮುಖ ತಿರುಗಿಸಿದ. ಆಸ್ಥಾನದವರೆಲ್ಲ, ಸಂಕೋಚ, ಸಂಕೋಚ, ಬಡಿಸು ಎಂದರು. ಕೆಂಪಿ ಬಡಿಸಿದಳು. ಅವನು ಕಣ್ಣು ಮುಚ್ಚಿಕೊಂಡ. ನಾಚಿಕೆ, ನಾಚಿಕೆ ಎಂದರು. ಬಡಿಸಿದಳು. ಅವನು ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದ. ಕೊನೆಗೆ ಆ ಬಾಯಿಂದ ಯಾರೂ ಕೇಳದ ಮಾತು ಹೊರಬಿತ್ತು.

"ಸಾಕು."

"ಇನ್ನೂ ಮೂರು!" ಎಂದು ಆಸ್ಥಾನವೆಲ್ಲ ಕೂಗಿತು.

ಕೆಂಪಿಯ ಕೈಯಲ್ಲಿ ಸೌಟು ತುಂಬಿತ್ತು. ಸುಳ್ಳು ಯಾಕೆ ಹೇಳಲಿ, ಅವಳಿಗೆ ಬಡಿಸಬೇಕೆಂದೇ ಅನ್ನಿಸಿತು. ಅವನ ಬಾಯಿ ಬಿಡಿಸಿ ತುರುಕಬೇಕು, ಹೊಟ್ಟೆ ಬಿರಿಯುವ ತನಕ ತುರುಕಬೇಕು, ನಿಧಾನಪ್ಪ ಅನುಭವಿಸಿದ್ದನ್ನೆಲ್ಲ ಇವನೂ ಅನುಭವಿಸಬೇಕು ಎಂದು ಅವಳು ಸೌಟು ಎತ್ತಿದಳು. ನಾನಾಗಿದ್ದರೆ ಬಡಿಸಿಬಿಡುತ್ತಿದ್ದೆ. ಮುದುಕಿ ಹೇಳಿದ ಗುಟ್ಟೂ ಆ ಗಳಿಗೆಯಲ್ಲಿ ನನಗೆ ನೆನಪಿರುತ್ತಿರಲಿಲ್ಲ.

ಅವಳು ಗಿಡದ ಕಡೆ ನೋಡಿದಳು. ನಿಧಾನಪ್ಪ ಕೊಂಬೆಗೆ ಮೂರು ಕಾಲಲ್ಲಿ ಜೋತುಬಿದ್ದಿದ್ದ. ಅವನ ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ಕಣ್ಣು ನಿಧಾನವಾಗಿ ತಿರುಗಿ ಅವಳ ಕೈಯ ಸೌಟನ್ನು ನೋಡಿತು. ಅದನ್ನು ಕಂಡು ಹೆದರಿ ಮುಚ್ಚಿಕೊಂಡಿತು.

ಕೆಂಪಿ ಸೌಟು ಕೆಳಗಿಟ್ಟಳು.

"ಸಾಕು ಅಂದರಲ್ಲ, ಬಿಡಿ" ಎಂದಳು.

ಏಳು ಬುರುಡೆಗಳೂ ಒಟ್ಟಿಗೆ ಒಡೆದವು. ಹಳದಿ ಹಾರಿ ಹೋಗಿ ಅರಿಸಿನಕ್ಕೆ ಕೂತಿತು. ನೀಲಿ ನವಿಲುಗಳನ್ನು ಹುಡುಕಿಕೊಂಡು ಪೊದೆಗೆ ನುಗ್ಗಿತು. ಕೆಂಪು ಊರೆಲ್ಲ ಓಡಾಡಿ ಹಣೆ ಹಣೆಗೆ ಹತ್ತಿತು. ಬೋಳುಗುಡ್ಡದಿಂದ ಒರಳುಕಲ್ಲುಗಳೆಲ್ಲ ಮನುಷ್ಯರಾಗಿ, ಹೊಟ್ಟೆ ಸವರಿಕೊಳ್ಳುತ್ತ ಇಳಿದು ಬಂದರು. ಅಡುಗೆಯ ಮುದುಕಿ ಕೈ ಬೀಸಿಕೊಂಡು ಅವರ ಹಿಂದೆ ಬಂದಳು. ಕಣಜಯ್ಯ ಕೂತಿದ್ದ ಮಣೆಯ ಮೇಲೆ ಒಂದು ಒಣ ಸೋರೆಬುರುಡೆ ಬಿದ್ದಿತ್ತು, ಅಲ್ಲಾಡಿಸಿದರೆ ಒಳಗೆ ನಾಲ್ಕು ಬೀಜ ಗಲಗಲ ಎಂದವು. ಅವನ ಕತೆ ಅಲ್ಲಿಗೆ ಮುಗಿಯಿತು.

ಅರಸ ಕೆಂಪಿಯ ಮುಂದೆ ಕೈ ಮುಗಿದ. ಅವಳಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ಕೈ ಮುಗಿದದ್ದು ನನಗೆ ಬೇಡ, ಅವನು ಮುಖ ತಿರುಗಿಸಿದ್ದು ನಿಮಗೆ ಕಾಣಲಿಲ್ಲವೇ ಎಂದು ಅವಳು ಕೇಳಿದಳು. ಕಂಡಿತ್ತು, ಆದರೆ ತನ್ನ ಹೊಟ್ಟೆಯ ವಿಷಯ ನಮಗಿಂತ ಅವನಿಗೇ ಹೆಚ್ಚು ಗೊತ್ತು ಎಂದು ಅನ್ನಿಸಲಿಲ್ಲ ಎಂದು ಉದಾರಸೇನ ಒಪ್ಪಿಕೊಂಡ. ಅಷ್ಟನ್ನು ಒಪ್ಪಿಕೊಳ್ಳುವ ಅರಸರೂ ಕಡಿಮೆ.

ಕೆಂಪಿ ಮೂರು ದಿನ ನಿಧಾನಪ್ಪನಿಗೆ ಏನನ್ನೂ ಕೊಡಲಿಲ್ಲ. ಬೆಳಗ್ಗೆ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸಿದಳು, ಬಿಸಿಲು ಬೀಳುವ ಕೊಂಬೆಗೆ ಅವನನ್ನು ಎತ್ತಿ ಕೂರಿಸಿದಳು. ಜನ ಬೇಲಿಯ ಆಚೆ ನಿಂತು ಚಡಪಡಿಸಿದರು, ಒಬ್ಬರೂ ಮಿಡತೆ ತರಲಿಲ್ಲ. ನಾಲ್ಕನೆಯ ದಿನ ಹುಲ್ಲಿನಿಂದ ಒಂದು ಮಿಡತೆ ತಾನಾಗಿ ಹಾರಿ ಬಂದು ಕೊಂಬೆಯ ಮೇಲೆ ಕೂತಿತು. ನಿಧಾನಪ್ಪನ ಎರಡು ಕಣ್ಣೂ ಒಂದೇ ಕಡೆ ತಿರುಗಿದವು. ನಾಲಿಗೆ ಚಾಚಿದ್ದು ಯಾರಿಗೂ ಕಾಣಲಿಲ್ಲ, ಮಿಡತೆ ಇಲ್ಲವಾದದ್ದು ಮಾತ್ರ ಕಂಡಿತು. ಆಮೇಲೆ ಅವನು ತಲೆಯಿಂದ ಬಾಲದವರೆಗೆ ಹಸಿರಾದ. ಏಳು ಬೆಟ್ಟದ ವರೆಗೂ ಗದ್ದೆಗಳು ಹಸಿರಾದವು.

ಓಕುಳಿಪುರದಲ್ಲಿ ಅಂದಿನಿಂದ ಸಾಕು ಎಂದವರ ಎಲೆಗೆ ಯಾರೂ ಬಡಿಸಲಿಲ್ಲ. ಜನ ಉಂಡು, ಎದ್ದು, ತಮ್ಮ ಕಾಲ ಮೇಲೆ ಮನೆಗೆ ನಡೆದು ಹೋದರು, ಬಹಳ ಕಾಲ ಸುಖವಾಗಿ ಬಾಳಿದರು.

ಉದಾರಸೇನನಿಗೆ ಮಾತ್ರ ಹಳೆಯ ಚಟ ಪೂರ್ತಿ ಬಿಡಲಿಲ್ಲ. ಒಂದು ಬೆಳಗ್ಗೆ ಅವನು ಒಂದು ಮಿಡತೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ದಾಸವಾಳದ ಗಿಡದ ಹತ್ತಿರ ಬಂದ. ಕೆಂಪಿ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದಳು.

"ಇವತ್ತು ಒಂದೇ ಒಂದು ಕೊಡಲಾ ತಾಯಿ?" ಎಂದು ಕೇಳಿದ.

ಕೆಂಪಿ ನಿಧಾನಪ್ಪನ ಕಡೆ ಬೆರಳು ತೋರಿಸಿದಳು. ಅವನು ಬಿಸಿಲಿಗೆ ಮೈ ಒಡ್ಡಿಕೊಂಡು, ಒಂದು ಕಣ್ಣಿನಿಂದ ಆಕಾಶವನ್ನೂ ಇನ್ನೊಂದರಿಂದ ಅರಸನನ್ನೂ ನೋಡುತ್ತಿದ್ದ. ಆಮೇಲೆ ನಿಧಾನವಾಗಿ ಮುಖ ತಿರುಗಿಸಿದ.

ಅರಸ ಬಗ್ಗಿ, ಹುಲ್ಲಿನ ಮೇಲೆ ಅಂಗೈ ಬಿಚ್ಚಿದ.

"ಹೋಗು, ನಾಳೆ ಬಾ" ಎಂದು ಮಿಡತೆಗೆ ಹೇಳಿದ.